13 ದಿನದ ಗಂಜಿ

ಈ ತಿಂಗಳು ನಮ್ಮ ಲೈಬ್ರರಿಯ ಓದುಗರ ಗುಂಪಿನಲ್ಲಿ ನಿರಂಜನರ ‘ಕಲ್ಯಾಣಸ್ವಾಮಿ’ ಕಾದಂಬರಿ ಚರ್ಚೆಗೆ ಇತ್ತು. ಹೊರಗೆ ಜೋರು ಮಳೆ, ಆದರೂ ಒಂಬತ್ತು ಜನ ಬಂದಿದ್ದರು. ಇರುವುದು ಒಂದೇ ಪ್ರತಿ. ಬೆನ್ನಿಗೆ ಟೇಪ್ ಹಚ್ಚಿದ್ದಾರೆ, ಕೈಯಿಂದ ಕೈಗೆ ಹೋಗಿ ಪುಟಗಳ ಮೂಲೆ ಮೆತ್ತಗಾಗಿದೆ.

ಕತೆ ನಿಜವಾಗಿ ನಡೆದ ಒಂದು ದಂಗೆಯದು. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯ ರೈತರು ಕಂಪನಿ ಸರಕಾರದ ವಿರುದ್ಧ ಎದ್ದು ಮಂಗಳೂರಿಗೇ ಬಂದುಬಿಟ್ಟರು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಕಂದಾಯವನ್ನು ಬೆಳೆಯ ಬದಲು ಹಣದಲ್ಲೇ ಕಟ್ಟಬೇಕು ಅಂದದ್ದು ಆ ಸಿಟ್ಟಿಗೆ ಒಂದು ದೊಡ್ಡ ಕಾರಣ.

ನಾವೆಲ್ಲ ಯಾರು ವೀರ, ಎಲ್ಲಿ ಎಡವಿದರು ಅಂತ ಮಾತಾಡುತ್ತಾ ಇದ್ದೆವು. ರಿಟೈರ್ ಆದ ಟೀಚರ್ ಒಬ್ಬರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೇಳಿದರು, “ಅಷ್ಟು ಜನಕ್ಕೆ ಗಂಜಿ ಬೇಯಿಸಿದ್ದು ಯಾರು ಮಗಾ? ಸೌದೆ ಎಲ್ಲಿಂದ ತಂದರು?” ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಆಮೇಲೆ ಅರ್ಧ ಗಂಟೆ ಅದೇ ಮಾತು. ಅಕ್ಕಿ, ಉಪ್ಪು, ಮನೆಯಲ್ಲಿ ಕಾದು ಕೂತ ಹೆಂಗಸರು.

ಯುದ್ಧದ ಕಾದಂಬರಿಯನ್ನು ಒಬ್ಬರೇ ಓದಿದರೆ ಕತ್ತಿ ಕೋವಿಯೇ ಜಾಸ್ತಿ ಕಾಣುತ್ತದೆ, ಅಲ್ವಾ? ಹತ್ತು ಜನ ಕೂತು ಓದಿದಾಗ ಯಾರಾದರೂ ಒಬ್ಬರು ಅಡುಗೆಮನೆಯ ಬಾಗಿಲು ತೆರೆಯುತ್ತಾರೆ.

ವಾಪಸ್ ಬರುವಾಗ ಸುಮ್ನೆ ಬಾವುಟಗುಡ್ಡೆ ಹತ್ತಿದೆ. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಳೆಯಲ್ಲಿ ತೊಯ್ದು ನಿಂತಿತ್ತು. ಸ್ವಲ್ಪ ಹೊತ್ತು ಕೊಡೆ ಹಿಡಿದು ಅಲ್ಲೇ ನಿಂತೆ.

ಮುಂದಿನ ತಿಂಗಳು ತ.ರಾ.ಸು. ಅವರ ‘ದುರ್ಗಾಸ್ತಮಾನ’. ದಪ್ಪ ಪುಸ್ತಕ, ಇವತ್ತೇ ಶುರು ಮಾಡಬೇಕು.