ಕಾನೂನು ಮಾಡೋಕೆ ಮುಂಚೆ ನಮ್ಮನ್ನ ಯಾರು ಕೇಳ್ಯಾರ್ರೀ?

ದಾವಣಗೆರೆ ಕೋರ್ಟಿನ ಆವರಣದಲ್ಲಿ, ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಬಂದ ಮೂರು ಕ್ರಿಮಿನಲ್ ಕಾನೂನುಗಳ ಹೊಸ ಕಲಂ ನಂಬರು ನೋಡಿ ತಲೆ ಕೆರೆದುಕೊಳ್ಳುವ ಕಕ್ಷಿದಾರರೆಲ್ಲ ಕೇಳುವ ಮಾತಿದು. ಲಾರಿಯವರು ಇನ್ನೂ ಜೋರಾಗಿ ಕೇಳುತ್ತಾರೆ.

ಕೇಳಿದ್ದರು, ಕರಡು ತೋರಿಸದೆ. 2020ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ಕ್ರಿಮಿನಲ್ ಕಾನೂನು ಸುಧಾರಣೆಗೆಂದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸಮಿತಿ ಮಾಡಿತು. ಕೊರೊನಾ ಕಾಲ; ಆನ್‌ಲೈನ್ ಪ್ರಶ್ನಾವಳಿ, ಅದೂ ಇಂಗ್ಲಿಷಿನಲ್ಲಿ. ಚಳ್ಳಕೆರೆಯ ಕುರಿಗಾರನಿಗೆ ಅದು ತಲುಪುವ ಬಗೆ ಹೇಗೆ? ಮೂರು ಮಸೂದೆಗಳು ಲೋಕಸಭೆಗೆ ಬಂದದ್ದು 2023ರ ಆಗಸ್ಟ್ 11ಕ್ಕೆ. ಸಂಸತ್ತಿನ ಸ್ಥಾಯಿ ಸಮಿತಿ ನೋಡಿದ ಮೇಲೆ ಅವನ್ನು ವಾಪಸ್ ಪಡೆದು ಡಿಸೆಂಬರ್ 12ಕ್ಕೆ ಹೊಸದಾಗಿ ಮಂಡಿಸಿದರು. 21ರ ಹೊತ್ತಿಗೆ ಎರಡೂ ಸದನ ಪಾಸು. ಸಾವಿರಕ್ಕೂ ಹೆಚ್ಚು ಕಲಮುಗಳು, ಒಂಬತ್ತು ದಿನ.

ಲಾರಿಯವರ ಕಲಮನ್ನೇ ನೋಡಿ. ನಿರ್ಲಕ್ಷ್ಯದ ಚಾಲನೆಯಿಂದ ಸಾವಾಗಿ, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಆಗಸ್ಟಿನ ಮಸೂದೆಯಲ್ಲಿ ಅದು ತುಸು ಬೇರೆ ಪದಗಳಲ್ಲಿ 104(2), ಡಿಸೆಂಬರಿನದ್ದರಲ್ಲಿ 106(2). ಮುಷ್ಕರ ಶುರುವಾದದ್ದು 2024ರ ಜನವರಿಯಲ್ಲಿ, ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ. ಜುಲೈ 1ಕ್ಕೆ ಸಂಹಿತೆ ಜಾರಿಯಾದಾಗ ಆ ಉಪಕಲಂ ಮಾತ್ರ ತಡೆಹಿಡಿದರು. ನಾಲ್ಕು ತಿಂಗಳು ಕಣ್ಣೆದುರೇ ಇದ್ದದ್ದಕ್ಕೆ ಚಕ್ರ ನಿಲ್ಲಿಸಬೇಕಾಯಿತು.

ಹಾಗಾಗಿ ಮುಂದೆ ಯಾವುದಾದರೂ ಮಸೂದೆಗೆ ಆಕ್ಷೇಪಣೆ ಬರೆಯುವಾಗ ನಂಬರೊಂದನ್ನೇ ನಂಬಬೇಡಿ. ಯಾವ ತಾರೀಖಿನ ಮಸೂದೆ, ಕಲಮಿನ ಮೂಲ ವಾಕ್ಯ, ಅದರ ಬದಲು ನೀವು ಬಯಸುವ ವಾಕ್ಯ, ಠಾಣೆಯಲ್ಲೋ ರಸ್ತೆಯಲ್ಲೋ ಅದರಿಂದ ಆಗುವ ಒಂದು ತೊಂದರೆ: ಇಷ್ಟು ಸಾಕು. ‘ಕರಾಳ ಕಾನೂನು ಹಿಂಪಡೆಯಿರಿ’ ಎಂಬ ಪತ್ರದಿಂದ ಒಂದು ಪದವೂ ಬದಲಾಗದು.

ಕೇಂದ್ರದ್ದೇ 2014ರ ಫೆಬ್ರವರಿ 5ರ ನೀತಿಯೊಂದಿದೆ: ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಜಾಲತಾಣದಲ್ಲಿ ಹಾಕಬೇಕು. ನೀತಿ ಅಷ್ಟೆ, ಕಾಯ್ದೆಯಲ್ಲ. ಕೋರ್ಟಿನಲ್ಲಿ ಹಿಡಿದು ನಿಲ್ಲಿಸುವಷ್ಟು ಗಟ್ಟಿಯಿಲ್ಲ. ಮಾಹಿತಿ ಹಕ್ಕು ಕಾಯ್ದೆ ಗಟ್ಟಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಗೃಹ ಸಚಿವಾಲಯಕ್ಕೆ ಅರ್ಜಿ ಹಾಕಿ. ‘ನಮ್ಮ ಮಾತು ಏಕೆ ಕೇಳಲಿಲ್ಲ’ ಎಂದರೆ ಅದು ಮಾಹಿತಿಯೇ ಅಲ್ಲ ಎಂದು ವಾಪಸ್ ಬರುತ್ತದೆ. ಸಮಿತಿಯ ವರದಿಯ ಪ್ರತಿ, ಅಭಿಪ್ರಾಯಗಳ ಸಾರಾಂಶ, ಕಡತದ ಟಿಪ್ಪಣಿ ಎಂದು ಕಾಗದದ ಹೆಸರು ಹಿಡಿದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಸಂಪುಟದ ಕಾಗದ ಎಂದು ತಳ್ಳಿದರೆ, ತೀರ್ಮಾನ ಮುಗಿದಿದೆ, ಕಲಂ 8(1)(ಐ) ಪ್ರಕಾರವೇ ಈಗ ಕೊಡಬೇಕು ಎಂದು ಅದರಲ್ಲಿ ಬರೆಯಿರಿ.

ರಾಜ್ಯದ ತಿದ್ದುಪಡಿಯ ಬಗ್ಗೆ ಬೆಂಗಳೂರಿಗೆ ಬರೆಯುವುದಾದರೆ ಮಾಹಿತಿ ಹಕ್ಕಿನ ಅರ್ಜಿ 150 ಪದದೊಳಗಿರಲಿ, ಒಂದಕ್ಕೆ ಒಂದೇ ವಿಷಯ.