ಸ್ಪೀಡ್ ಸಾಕು ಮಾರಾಯ್ರೇ, ಡೇಟಾ ಕೊಡಿ

ಮೊಬೈಲ್ ಕಂಪನಿಗಳ ಜಾಹೀರಾತು ನೋಡಿದರೆ ನನಗೆ ನಗು ಬರುತ್ತದೆ. ಒಬ್ಬ ಹುಡುಗ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಡೀ ಸಿನಿಮಾ ಅವನ ಫೋನಿಗೆ ಇಳಿದಿರುತ್ತದೆ. ಆಮೇಲೆ ಏನಾಯಿತು ಅಂತ ಯಾರೂ ತೋರಿಸುವುದಿಲ್ಲ. ಆಮೇಲೆ ಅವನ ಅವತ್ತಿನ ಡೇಟಾ ಖಾಲಿ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಸ್ಪೀಡನ್ನು ಬಿಟ್‌ನಲ್ಲಿ ಹೇಳುತ್ತಾರೆ, ಡೇಟಾ ಕೊಡುವುದು ಬೈಟ್‌ನಲ್ಲಿ, ಎಂಟು ಬಿಟ್ ಸೇರಿದರೆ ಒಂದು ಬೈಟ್. ದಿನಕ್ಕೆ 1.5 ಜಿಬಿ ಪ್ಲಾನ್ ಇದ್ದವನಿಗೆ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಸ್ಪೀಡ್ ಸಿಕ್ಕಿತು ಅನ್ನಿ, ಪೂರ್ತಿ ಓಡಿಸಿದರೆ ಎರಡೇ ನಿಮಿಷದಲ್ಲಿ ಇಡೀ ದಿನದ್ದು ಮುಗಿಯಿತು. 300 ಸಿಕ್ಕರೆ ನಲವತ್ತು ಸೆಕೆಂಡ್. ಮಿಕ್ಕಿದ ಹೊತ್ತೆಲ್ಲ ಕಂಪನಿ ಕೊಡುವುದು ಬರೀ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್), ಅಂದರೆ ಒಂದು ಎಂಬಿಯ ಫೋಟೋ ಇಳಿಯಲು ಎರಡು ನಿಮಿಷದ ಮೇಲೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ನಿಯಮ ಬದಲಿಸಿ, ಕನಿಷ್ಠ 2 ಎಂಬಿಪಿಎಸ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಅಂದಿತು. ಅದರ ಮೂವತ್ತರಲ್ಲಿ ಒಂದು ಪಾಲೂ ಇಲ್ಲದ್ದನ್ನು ಕೊಟ್ಟು ಮೇಲೆ 'ಅನ್‌ಲಿಮಿಟೆಡ್' ಅಂತ ಬರೆಯಬೇಕಾದರೆ ಧೈರ್ಯ ಬೇಕು, ಅಲ್ವಾ? ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಕಟ್ಟಿಕೊಟ್ಟು, ದಿನಕ್ಕೆ ಅರ್ಧ ಲೀಟರ್ ಪೆಟ್ರೋಲ್ ಮಾತ್ರ ಅಂದ ಹಾಗಾಯಿತು.

ಇದನ್ನೆಲ್ಲ ನಾನು ಕೂತು ಲೆಕ್ಕ ಹಾಕುವ ಹಾಗೆ ಮಾಡಿದ್ದು ಅಪ್ಪ. ನಾವು ಕಾರ್ಕಳದ ಕಡೆಯವರು, ಈಗ ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪ ಹೋಟೆಲ್ ಕೆಲಸ ಬಿಟ್ಟ ಮೇಲೆ ಅವರಿಗೆ ಯೂಟ್ಯೂಬ್ ಲೈವ್ ಯಕ್ಷಗಾನದ ಹುಚ್ಚು ಹಿಡಿದಿದೆ. ನವೆಂಬರ್‌ನಲ್ಲಿ ಮೇಳಗಳು ಹೊರಟವು ಅಂದರೆ ಮೇ ಕೊನೆಯ ಪತ್ತನಾಜೆ ತನಕ ರಾತ್ರಿ ಊಟ ಆದ ಮೇಲೆ ಫೋನ್ ಅವರ ಕೈಯಲ್ಲೇ. ಮೊದಲು ನಮ್ಮ ಏರಿಯಾದಲ್ಲಿ ನೆಟ್‌ವರ್ಕ್ ಸುಮಾರು ಇತ್ತು, ಚಿತ್ರ ಮಸುಕು ಮಸುಕು, ಆದರೆ 1.5 ಜಿಬಿಯಲ್ಲಿ ನಡುರಾತ್ರಿ ತನಕ ಆರಾಮವಾಗಿ ಬರುತ್ತಿತ್ತು. ಆಮೇಲೆ ನೆಟ್‌ವರ್ಕ್ ಸುಧಾರಿಸಿತು. ಅಲ್ಲಿಂದ ತೊಂದರೆ ಶುರು. ಯೂಟ್ಯೂಬ್ ಆಟೋ ಮೋಡ್‌ನಲ್ಲಿದ್ದರೆ ಸ್ಪೀಡ್ ಎಷ್ಟಿದೆ ನೋಡಿಕೊಂಡು ತಾನಾಗೇ ಚಿತ್ರದ ಗುಣಮಟ್ಟ ಏರಿಸುತ್ತದೆ. ಸ್ಪೀಡ್ ಸಿಕ್ಕಿತು, 1080ಕ್ಕೆ, ಅಂದರೆ ಫುಲ್ ಎಚ್‌ಡಿಗೆ ಹೋಯಿತು, ರಾತ್ರಿ ಹನ್ನೊಂದಕ್ಕೆಲ್ಲ 'ನಿಮ್ಮ ದಿನದ ಡೇಟಾ 100% ಮುಗಿದಿದೆ' ಅಂತ ಮೆಸೇಜು. ಭಾಗವತರ ಬಾಯಿ ತೆರೆದದ್ದು ತೆರೆದ ಹಾಗೇ, ಮಧ್ಯದಲ್ಲಿ ಗುಂಡಗೆ ತಿರುಗುವ ಚಕ್ರ. ಅಪ್ಪ ಸುಮ್ನೆ ಗಡಿಯಾರ ನೋಡಿಕೊಂಡು ಕೂರುತ್ತಾರೆ. ಹನ್ನೆರಡಕ್ಕೆ ಹೊಸ ಡೇಟಾ ಬರುತ್ತದೆ, ದೇವಿ ಮಹಾತ್ಮೆ ಪ್ರಸಂಗವಾದರೆ ಮಹಿಷಾಸುರನ ಪ್ರವೇಶ ಹೇಗೋ ಸಿಗುತ್ತದೆ. ಆದರೆ ಅದು ಮಾರನೇ ದಿನದ ಡೇಟಾ. ಬೆಳಿಗ್ಗೆ ಎದ್ದು ವಾಟ್ಸಾಪ್ ತೆರೆದರೆ ಯಾರ ಗುಡ್ ಮಾರ್ನಿಂಗೂ ಇಳಿಯುವುದಿಲ್ಲ. (ಅದೊಂದು ಲಾಭ ಅನ್ನಿ.)

ಆರು ಇಂಚಿನ ಪರದೆಯಲ್ಲಿ, ಅದೂ ಕನ್ನಡಕದ ಮೇಲಿಂದ ನೋಡುವ ಅಪ್ಪನಿಗೆ 1080 ಯಾಕೆ ಬೇಕು? ನೆಟ್‌ಫ್ಲಿಕ್ಸ್‌ನವರು ಹೇಳುವ ಲೆಕ್ಕದಲ್ಲಿ ಸಾಧಾರಣ ಗುಣಮಟ್ಟದ ವಿಡಿಯೋಗೆ ಗಂಟೆಗೆ 1 ಜಿಬಿ ತನಕ, ಎಚ್‌ಡಿಗೆ 3 ಜಿಬಿ ತನಕ ಹೋಗುತ್ತದೆ. ಆ ಎಚ್‌ಡಿ ನೋಡಲು ಅವರು ಕೇಳುವ ಸ್ಪೀಡ್ ಬರೀ 5 ಎಂಬಿಪಿಎಸ್. ಅಂದರೆ ನಮಗೆ ಬೇಕಾದ ಸ್ಪೀಡ್ ಸಿಕ್ಕಿ ಎಷ್ಟೋ ಕಾಲವಾಯಿತು. 300, 500 ಅಂತ ಹೇಳಿಕೊಂಡು ತಿರುಗುವುದು ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹಾಕಲು ಮಾತ್ರ.

'ಅನ್‌ಲಿಮಿಟೆಡ್ 5ಜಿ ಇದೆಯಲ್ಲ' ಅಂತ ನೀವು ಕೇಳಬಹುದು. ಇದೆ. 2022ರ ಅಕ್ಟೋಬರ್‌ನಲ್ಲಿ 5ಜಿ ಶುರುವಾದಾಗ ಮುಂಬಯಿ ಮೊದಲ ಊರುಗಳಲ್ಲಿ ಒಂದು, ಆಗ ಕಡಿಮೆ ದುಡ್ಡಿನ ಪ್ಲಾನಿಗೂ ಅದನ್ನು ಧಾರಾಳವಾಗಿ ಕೊಟ್ಟರು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೆ ರೇಟು ಏರಿಸಿದವು. ಜಿಯೋದ 28 ದಿನದ 1.5 ಜಿಬಿ ಪ್ಲಾನ್ 239ರಿಂದ 299 ಆಯಿತು. ಜೊತೆಗೆ ಜಿಯೋ, ಏರ್‌ಟೆಲ್ ಎರಡರಲ್ಲೂ ಅನ್‌ಲಿಮಿಟೆಡ್ 5ಜಿ ಬೇಕಿದ್ದರೆ ದಿನಕ್ಕೆ 2 ಜಿಬಿ ಅಥವಾ ಮೇಲಿನ ಪ್ಲಾನೇ ಹಾಕಿಸಬೇಕು ಅಂತಾಯಿತು. ಸರಿ, ಅಪ್ಪನಿಗೆ 2 ಜಿಬಿಯದ್ದೇ ಹಾಕಿಸಿದೆ. ಈಗ ಹೊಸ ಕತೆ. ಲೆಕ್ಕವಿಲ್ಲದೆ ಸಿಗುವುದು ಫೋನಿನ ಮೂಲೆಯಲ್ಲಿ 5ಜಿ ಇರುವ ತನಕ ಮಾತ್ರ, 4ಜಿಗೆ ಇಳಿದ ಕೂಡಲೇ ಮೀಟರ್ ಓಡಲು ಶುರು. ಇಲ್ಲಿ 5ಜಿಗೆ ಜಾಸ್ತಿ ಬಳಸುವುದು 3300 ಮೆಗಾಹರ್ಟ್ಸ್ ಬ್ಯಾಂಡ್. ಅದರಲ್ಲಿ ಸ್ಪೀಡ್ ಚೆನ್ನಾಗಿ ಬರುತ್ತದೆ, ಗೋಡೆ ದಾಟಿ ಒಳಗೆ ಬರುವ ಶಕ್ತಿ ಕಡಿಮೆ. ನಮ್ಮ ಮನೆಯಲ್ಲಿ ಗ್ಯಾಲರಿ ಅಂದರೆ 5ಜಿ, ಒಳಗಿನ ಕೋಣೆ ಅಂದರೆ 4ಜಿ. ಹಾಗಾಗಿ ಅಪ್ಪ ಒಣಗಲು ಹಾಕಿದ ಬಟ್ಟೆಗಳ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸೊಳ್ಳೆ ಹೊಡೆದುಕೊಂಡು ಯಕ್ಷಗಾನದ ಆಟ ನೋಡುತ್ತಾರೆ. ಚಳಿ ಅಂತ ಒಳಗೆ ಬಂದರೋ, ಯಾವ ಸೂಚನೆಯೂ ಇಲ್ಲದೆ ಡೇಟಾ ಕರಗಲು ಶುರುವಾಗುತ್ತದೆ. ಲೋಕಲ್ ರೈಲಿನಲ್ಲಿ ನನ್ನದೂ ಇದೇ ಪಾಡು, ಒಂದು ಸ್ಟೇಷನ್‌ನಲ್ಲಿ 5ಜಿ, ಮುಂದಿನದರಲ್ಲಿ 4ಜಿ, ಪಕ್ಕದವನ ರೀಲ್ಸ್ ಶಬ್ದ ಮಾತ್ರ ಎಲ್ಲ ಕಡೆ ಒಂದೇ.

ಕಂಪನಿಯವರ ಮಾತಲ್ಲೂ ಸ್ವಲ್ಪ ಹುರುಳಿದೆ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು, ಯಾರೋ ಒಬ್ಬ ದಿನವಿಡೀ ಡೌನ್‌ಲೋಡ್ ಹಾಕಿ ಕೂತರೆ ಉಳಿದವರಿಗೆ ಸಿಗುವುದಿಲ್ಲ. ಒಪ್ಪಿದೆ. ಆದರೆ ಜನರೆಲ್ಲ ಆಫೀಸಿಂದ ಬಂದು ಒಟ್ಟಿಗೆ ಫೋನ್ ಹಿಡಿಯುವುದು ರಾತ್ರಿ ಒಂಬತ್ತು ಹತ್ತಕ್ಕೆ, ದಿನದ ಮಿತಿ ಇಟ್ಟರೆ ಆ ರಶ್ ಏನೂ ಕಮ್ಮಿಯಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಟವರ್ ಖಾಲಿ ಕೂತಿರುವಾಗಲೂ ಅಪ್ಪನಿಗೆ 64 ಕೆಬಿಪಿಎಸ್ಸೇ. ಇನ್ನು 28 ದಿನಕ್ಕೆ ದಿನಕ್ಕೆ ಎರಡರ ಹಾಗೆ 56 ಜಿಬಿಗೆ ದುಡ್ಡು ಕೊಟ್ಟಿರುತ್ತೇವೆ, ಆಟ ಇಲ್ಲದ ದಿನ ಮಿಕ್ಕಿದ್ದು ನಡುರಾತ್ರಿಗೆ ಮಾಯ. ಮಿಕ್ಕಿದ್ದನ್ನು ವಾರದ ಕೊನೆಗೆ ಬಳಸಲು ಬಿಡುವ ಪ್ಲಾನ್ ವಿಐ (ವೊಡಾಫೋನ್ ಐಡಿಯಾ) ಕಂಪನಿಯಲ್ಲಿ ಇದೆ, ಅಂದರೆ ಮಾಡಲು ಆಗದ ಕೆಲಸವೇನಲ್ಲ. 28 ದಿನದ ಆಟ ಬೇರೆ. ಅದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್.

2016ರಲ್ಲಿ ಜಿಯೋ ಬರುವ ಮೊದಲು ಒಂದು ಜಿಬಿಯನ್ನು ತಿಂಗಳಿಡೀ ಕಾಪಾಡಿಕೊಂಡು, ಬೇಕಾದಾಗ ನೆಟ್ ಆನ್, ಬೇಡದಾಗ ಆಫ್ ಮಾಡುತ್ತಿದ್ದವರು ನಾವು, ಆ ಕಾಲ ಚೆನ್ನಾಗಿತ್ತು ಅಂತ ಖಂಡಿತ ಹೇಳುವುದಿಲ್ಲ. ನನಗೆ ಬೇಕಾದದ್ದು ಇಷ್ಟೇ: ಸ್ಪೀಡನ್ನು 10 ಎಂಬಿಪಿಎಸ್‌ಗೆ ಕಟ್ಟಿಹಾಕಿ, ತಿಂಗಳಿಗೆ ಒಟ್ಟಿಗೆ ಡೇಟಾ ಕೊಡಿ, ಮುಗಿದ ಮೇಲೆ 64ರ ಬದಲು ಒಂದು ಎಂಬಿಪಿಎಸ್ ಆದರೂ ಇರಲಿ. ವಡಾಪಾವ್ ತಿಂದು ಕ್ಯೂಆರ್ ಸ್ಕ್ಯಾನ್ ಮಾಡಿದರೆ ಪೇಮೆಂಟ್ ಆ್ಯಪ್ ತೆರೆದುಕೊಳ್ಳುವಷ್ಟು. ಗಾಡಿಯವನು ಸೌಂಡ್‌ಬಾಕ್ಸ್ ಮುಖವನ್ನೂ ನನ್ನ ಮುಖವನ್ನೂ ಮತ್ತೆ ಮತ್ತೆ ನೋಡುವುದು ತಪ್ಪಲಿ.

ಸದ್ಯಕ್ಕೆ ಅಪ್ಪನ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್‌ಗೆ ಡೇಟಾ ಸೇವರ್ ಹಾಕಿಟ್ಟಿದ್ದೇನೆ, ವಾಟ್ಸಾಪ್‌ನ ಆಟೋ ಡೌನ್‌ಲೋಡ್ ಬಂದ್. ವೇಷದ ಬಣ್ಣ ಸ್ವಲ್ಪ ಮಂಕಾಗಿದೆ ಅಂತ ಅವರು ಇನ್ನೂ ಹೇಳಿಲ್ಲ. ಮನೆಗೆ ವೈಫೈ ಹಾಕಿಸಿಬಿಡುವ ಅಂದರೆ ಒಪ್ಪುವುದಿಲ್ಲ. 'ಫೋನಿಗೂ ಕೊಡುವುದು, ಗೋಡೆಗೂ ಕೊಡುವುದಾ?' ಅಂತ ಕೇಳುತ್ತಾರೆ.