ಕನ್ವೇಯರ್ ಓವನ್ನಿನ ವಿದ್ಯುತ್ ವ್ಯವಸ್ಥೆ: ಚಾಲನೆಯ ಕ್ರಮ ಮತ್ತು ದೋಷ ಪತ್ತೆ

ಚಲಿಸುವ ಬೆಲ್ಟಿನ ಮೇಲೆ ಆಹಾರವನ್ನು ಸಾಗಿಸುತ್ತ ಬೇಯಿಸುವ ಕನ್ವೇಯರ್ ಓವನ್ ಸರಿಯಾಗಿ ಬಿಸಿಯಾಗುತ್ತಿಲ್ಲ ಎಂಬ ದೂರು ಕೇಳಿದ ಕೂಡಲೇ ಹೀಟರ್ ಬದಲಾಯಿಸಲು ಮುಂದಾಗುವುದು ಬಹಳ ಸಾಮಾನ್ಯವಾದ ಅಭ್ಯಾಸ. ಆದರೆ ಇಂತಹ ಓವನ್ನಿನಲ್ಲಿ ಹೀಟರ್ ಎಂಬುದು ಒಂದು ಸರಪಳಿಯ ಕೊನೆಯ ಕೊಂಡಿ. ಅದಕ್ಕೆ ವಿದ್ಯುತ್ ತಲುಪುವ ಮೊದಲು ಬ್ಲೋವರ್ ತಿರುಗಿರಬೇಕು, ಗಾಳಿಯ ಒತ್ತಡ ಏರಿರಬೇಕು, ಸುರಕ್ಷತಾ ಸ್ವಿಚ್‌ಗಳೆಲ್ಲ ಮುಚ್ಚಿ ವಿದ್ಯುತ್ತಿಗೆ ದಾರಿ ಕೊಟ್ಟಿರಬೇಕು, ತಾಪಮಾನ ನಿಯಂತ್ರಕ ಶಾಖ ಬೇಕೆಂದು ಕೇಳಿರಬೇಕು. ಈ ಕ್ರಮದಲ್ಲಿ ಎಲ್ಲಿ ತಡೆ ಬಿದ್ದರೂ ಹೊರಗೆ ಕಾಣುವ ಲಕ್ಷಣ ಒಂದೇ. ಆದ್ದರಿಂದ ದೋಷ ಪತ್ತೆಯ ಕೆಲಸವೆಂದರೆ ಈ ಕ್ರಮವನ್ನು ಮೊದಲಿನಿಂದ ಮೀಟರ್ ಹಿಡಿದು ಅನುಸರಿಸುವುದೇ ಹೊರತು, ಬಿಡಿಭಾಗಗಳನ್ನು ಒಂದೊಂದಾಗಿ ಬದಲಾಯಿಸಿ ನೋಡುವುದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿದ್ಯುತ್ತಿನಿಂದ ಬಿಸಿಯಾಗುವ ಓವನ್ನನ್ನೇ ಇಲ್ಲಿ ಗಮನದಲ್ಲಿ ಇಟ್ಟುಕೊಂಡಿದ್ದೇನೆ. ಮುಖ್ಯ ಸ್ವಿಚ್ ಹಾಕಿದಾಗ ಮೂರು ಫೇಸ್‌ಗಳು ಕಾಂಟ್ಯಾಕ್ಟರ್‌ಗಳವರೆಗೆ, ಅಂದರೆ ಕಾಯಿಲ್‌ಗೆ ವೋಲ್ಟೇಜ್ ಸಿಕ್ಕಾಗ ಮುಚ್ಚಿಕೊಳ್ಳುವ ದೊಡ್ಡ ಸ್ವಿಚ್‌ಗಳವರೆಗೆ, ಬಂದು ನಿಲ್ಲುತ್ತವೆ. ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಅದರಿಂದಲೇ ನಿಯಂತ್ರಣ ಸರ್ಕ್ಯೂಟಿಗೆ ಬೇಕಾದ ಕಡಿಮೆ ವೋಲ್ಟೇಜ್ ಕೊಡುತ್ತದೆ. ಬ್ಲೋವರ್ ಸ್ವಿಚ್ ಒತ್ತಿದಾಗ ಬ್ಲೋವರ್ ಮೋಟಾರ್ ಹಾಗೂ ನಿಯಂತ್ರಣ ಪೆಟ್ಟಿಗೆಯನ್ನು ತಂಪಾಗಿಡುವ ಫ್ಯಾನ್‌ಗಳು ಚಾಲೂ ಆಗುತ್ತವೆ. ಗಾಳಿ ಸಾಕಷ್ಟು ಬೀಸುತ್ತಿದೆ ಎಂಬುದನ್ನು ಗಾಳಿಯ ಒತ್ತಡದ ಸ್ವಿಚ್, ಕೆಲವು ಮಾದರಿಗಳಲ್ಲಿ ಮೋಟಾರ್ ವೇಗ ಪಡೆದಾಗ ಕೆಲಸ ಮಾಡುವ ಅದರೊಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್, ಖಚಿತಪಡಿಸಿದ ಮೇಲೆ ಮಾತ್ರ ಹೀಟ್ ಸ್ವಿಚ್ಚಿನ ಆದೇಶಕ್ಕೆ ಬೆಲೆ ಬರುತ್ತದೆ. ಅಲ್ಲಿಂದ ಮುಂದೆ ಗರಿಷ್ಠ ತಾಪಮಾನದ ಸ್ವಿಚ್ಚಿನ ಮೂಲಕ ಹಾದು ಹೀಟರ್ ಕಾಂಟ್ಯಾಕ್ಟರಿನ ಕಾಯಿಲ್‌ಗೆ ವೋಲ್ಟೇಜ್ ಸಿಗುತ್ತದೆ. ಕಾಂಟ್ಯಾಕ್ಟರ್ ಮುಚ್ಚಿದ ಮೇಲೆ ಸಾಲಿಡ್ ಸ್ಟೇಟ್ ರಿಲೇಗಳು (ಚಲಿಸುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ನಿಯಂತ್ರಕದ ಸೂಚನೆಯಂತೆ ಹೀಟರ್‌ಗಳನ್ನು ಆಗಾಗ ಹಚ್ಚುತ್ತಾ ಆರಿಸುತ್ತಾ ತಾಪಮಾನವನ್ನು ಕಾಯ್ದುಕೊಳ್ಳುತ್ತವೆ. ವಿವರಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ಪ್ಯಾನೆಲ್ ಬಾಗಿಲಿನ ಒಳಭಾಗದಲ್ಲಿ ಸಾಮಾನ್ಯವಾಗಿ ಅಂಟಿಸಿರುವ ವೈರಿಂಗ್ ನಕ್ಷೆಯನ್ನು ಓದದೆ ಕೆಲಸ ಆರಂಭಿಸಬಾರದು.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಪ್ಯಾನೆಲ್ ತೆರೆಯುವ ಕೆಲಸ ತರಬೇತಿ ಪಡೆದ ವಿದ್ಯುತ್ ತಂತ್ರಜ್ಞರದು. ಮುಖ್ಯ ಐಸೊಲೇಟರ್ (ಓವನ್ನಿಗೆ ಬರುವ ವಿದ್ಯುತ್ತನ್ನು ಪೂರ್ತಿ ಕಡಿಯುವ ಸ್ವಿಚ್) ಆರಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳಬೇಕು. ಮೀಟರನ್ನು ವಿದ್ಯುತ್ ಇದೆಯೆಂದು ಗೊತ್ತಿರುವ ಕಡೆ ಮೊದಲು ಪರೀಕ್ಷಿಸಿ, ನಂತರ ಓವನ್ನಿನ ಟರ್ಮಿನಲ್‌ಗಳಲ್ಲಿ ಪ್ರತಿ ಫೇಸ್ ನಡುವೆಯೂ, ಪ್ರತಿ ಫೇಸ್ ಮತ್ತು ಅರ್ಥಿಂಗ್ ನಡುವೆಯೂ ಅಳೆದು, ಮತ್ತೆ ಗೊತ್ತಿರುವ ಕಡೆಗೆ ಹೋಗಿ ಮೀಟರ್ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಧ್ಯದ ಅಳತೆಯನ್ನಷ್ಟೇ ನಂಬಿದರೆ, ಸತ್ತಿರುವುದು ಸರ್ಕ್ಯೂಟೋ ಮೀಟರಿನ ಫ್ಯೂಸೋ ತಿಳಿಯುವುದಿಲ್ಲ. ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರ್ ವಿದ್ಯುತ್ ಹೋದ ಮೇಲೂ ಚಾರ್ಜ್ ಹಿಡಿದಿರಬಹುದು. ಅದನ್ನು ಸ್ಕ್ರೂಡ್ರೈವರ್ ತಾಗಿಸಿ ಅಲ್ಲ, ಸೂಕ್ತ ರೆಸಿಸ್ಟರಿನ ಮೂಲಕ ಖಾಲಿ ಮಾಡಬೇಕು. ಮುಂದೆ ಹೇಳುವ ಕೆಲವು ಅಳತೆಗಳನ್ನು ವಿದ್ಯುತ್ ಇರುವಾಗಲೇ ತೆಗೆದುಕೊಳ್ಳಬೇಕಾಗುತ್ತದೆ. ಅವುಗಳಿಗೆ ತಕ್ಕ ವರ್ಗದ ಮೀಟರ್, ಇನ್ಸುಲೇಟೆಡ್ ಕೈಗವಸು ಮತ್ತು ಅಂತಹ ಕೆಲಸದ ಅನುಭವ ಇಲ್ಲದವರು ಅವನ್ನು ಮಾಡಬಾರದು.

ನಿಯಂತ್ರಣ ಸರ್ಕ್ಯೂಟಿನಲ್ಲಿ ದೋಷ ಹುಡುಕುವ ವಿಧಾನ ಸರಳ. ಮೀಟರಿನ ಒಂದು ತುದಿಯನ್ನು ಟ್ರಾನ್ಸ್‌ಫಾರ್ಮರಿನ ಕಾಮನ್ ತಂತಿಯಲ್ಲಿಟ್ಟು, ಇನ್ನೊಂದನ್ನು ಫ್ಯೂಸಿನಿಂದ ಆರಂಭಿಸಿ ಒಂದೊಂದು ಸ್ವಿಚ್ಚಿನ ಆಚೆಗೂ ಈಚೆಗೂ ಸರಿಸುತ್ತ ಹೋದರೆ, ವೋಲ್ಟೇಜ್ ಎಲ್ಲಿ ಮಾಯವಾಗುತ್ತದೆಯೋ ಅಲ್ಲಿಯೇ ತಡೆ ಇದೆ. ಇದನ್ನೇ ಬೇರೆ ಬಗೆಯಲ್ಲಿ ನೋಡುವುದಾದರೆ, ಮುಚ್ಚಿರುವ ಸ್ವಿಚ್ಚಿನ ಎರಡು ತುದಿಗಳ ನಡುವೆ ಸೊನ್ನೆ ಬರುತ್ತದೆ. ಆ ಸಾಲಿನಲ್ಲಿ ತೆರೆದಿರುವುದು ಅದೊಂದೇ ಸ್ವಿಚ್ ಆಗಿದ್ದರೆ ಅದರ ತುದಿಗಳ ನಡುವೆ ಪೂರ್ಣ ವೋಲ್ಟೇಜ್ ಕಾಣಿಸುತ್ತದೆ. ಫ್ಯೂಸ್ ಹೋಗಿದ್ದರೆ ಅದನ್ನು ಹಾಕುವ ಮೊದಲು ಏಕೆ ಹೋಯಿತೆಂದು ತಿಳಿಯಬೇಕು. ಕಾಂಟ್ಯಾಕ್ಟರಿನ ಕಾಯಿಲ್ ಸುಟ್ಟಿರಬಹುದು, ಅಥವಾ ಬಿಸಿ ತಗಡಿಗೆ ಉಜ್ಜಿ ಹೊದಿಕೆ ಕರಗಿದ ತಂತಿ ಓವನ್ನಿನ ಲೋಹದ ಚೌಕಟ್ಟಿಗೆ ತಾಗುತ್ತಿರಬಹುದು.

ಗಾಳಿಯ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಈ ಓವನ್‌ಗಳು ಆಹಾರವನ್ನು ಬೇಯಿಸುವುದು ಬೆಲ್ಟಿನ ಮೇಲಿಂದಲೂ ಕೆಳಗಿನಿಂದಲೂ ರಂಧ್ರಗಳ ಮೂಲಕ ರಭಸವಾಗಿ ಹೊಡೆಯುವ ಬಿಸಿಗಾಳಿಯಿಂದ. ಆ ರಭಸ ಇಳಿದರೆ ತಾಪಮಾನ ಸರಿಯಾಗಿದ್ದರೂ ಬೇಯುವುದು ಸರಿಯಾಗುವುದಿಲ್ಲ. ಮೂರು ಫೇಸಿನ ಬ್ಲೋವರ್ ಇರುವಲ್ಲಿ, ಕಟ್ಟಡದ ವಿದ್ಯುತ್ ಸರಬರಾಜಿನಲ್ಲಿ ಏನಾದರೂ ಕೆಲಸ ನಡೆದು ಎರಡು ಫೇಸ್‌ಗಳು ಅದಲುಬದಲಾದರೆ ಮೋಟಾರ್ ಹಿಮ್ಮುಖವಾಗಿ ತಿರುಗುತ್ತದೆ. ಸೆಂಟ್ರಿಫ್ಯೂಗಲ್ ಬ್ಲೋವರ್ ಹಿಮ್ಮುಖವಾಗಿ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೆ ದೂಡುತ್ತದೆ, ಆದರೆ ಪ್ರಮಾಣ ಬಹಳ ಕಡಿಮೆ. ಹೀಗಾಗಿ ಗಾಳಿ ಬರುತ್ತಿದೆಯಲ್ಲ ಎಂದು ಮೇಲುನೋಟಕ್ಕೆ ಸಮಾಧಾನಪಡುವಂತಿಲ್ಲ. ಮೋಟಾರಿನ ಮೇಲಿನ ಬಾಣದ ಗುರುತನ್ನು ನೋಡಿ ದಿಕ್ಕನ್ನು ಖಚಿತಪಡಿಸಿಕೊಳ್ಳಬೇಕು. ಸಿಂಗಲ್ ಫೇಸ್ ಮೋಟಾರಿನಲ್ಲಿ ಇದೇ ಲಕ್ಷಣಕ್ಕೆ ದುರ್ಬಲಗೊಂಡ ಕೆಪಾಸಿಟರ್ ಕಾರಣವಾಗುವುದುಂಟು. ಅದರ ಮೇಲೆ ಬರೆದಿರುವ ಮೈಕ್ರೊಫ್ಯಾರಡ್ ಮೌಲ್ಯ ಮತ್ತು ಶೇಕಡಾ ವ್ಯತ್ಯಾಸದ ಮಿತಿಯನ್ನು ಅಳತೆಯೊಂದಿಗೆ ಹೋಲಿಸಿದರೆ ವಿಷಯ ಮುಗಿಯಿತು.

ಹೀಟರ್‌ಗಳ ಬಗ್ಗೆ ಅಂಕಿಗಳಲ್ಲೇ ಮಾತನಾಡುವುದು ಒಳ್ಳೆಯದು. 240 ವೋಲ್ಟಿಗೆ 3,000 ವಾಟ್ ಎಂದು ನಮೂದಿಸಿರುವ ಹೀಟರ್ 12.5 ಆಂಪಿಯರ್ ಎಳೆಯುತ್ತದೆ. ಅದರ ರೆಸಿಸ್ಟೆನ್ಸ್ 19.2 ಓಮ್, ತಣ್ಣಗಿರುವಾಗ ತುಸು ಕಡಿಮೆ. ಅಂತಹ ಮೂರು ಹೀಟರ್‌ಗಳು ಡೆಲ್ಟಾ ಜೋಡಣೆಯಲ್ಲಿ, ಅಂದರೆ ಪ್ರತಿ ಎರಡು ಫೇಸ್‌ಗಳ ನಡುವೆ ಒಂದರಂತೆ, ಇದ್ದರೆ ಒಟ್ಟು ಶಕ್ತಿ 9,000 ವಾಟ್, ಪ್ರತಿ ಫೇಸ್ ತಂತಿಯಲ್ಲಿ ಹರಿಯುವುದು ಸುಮಾರು 21.7 ಆಂಪಿಯರ್. ಮೂರರಲ್ಲಿ ಒಂದು ಹೀಟರ್ ಕಡಿದುಹೋದರೆ ತಂತಿಯನ್ನು ಸುತ್ತಿ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಒಂದು ತಂತಿ 21.7 ಆಂಪಿಯರನ್ನೇ ತೋರಿಸುತ್ತದೆ, ಉಳಿದೆರಡು 12.5ಕ್ಕೆ ಇಳಿದಿರುತ್ತವೆ, ಶಕ್ತಿ 6,000 ವಾಟ್‌ಗೆ ಬಂದಿರುತ್ತದೆ. ಹೀಟರ್‌ಗಳೆಲ್ಲ ಸರಿಯಿದ್ದು ಒಂದು ಫೇಸ್ ಹೋದರೆ ಆ ತಂತಿಯಲ್ಲಿ ಸೊನ್ನೆ, ಶಕ್ತಿ ನೇರವಾಗಿ ಅರ್ಧಕ್ಕೆ, ಅಂದರೆ 4,500 ವಾಟ್‌ಗೆ ಇಳಿಯುತ್ತದೆ. ಒಂದು ಬಿಡಿಭಾಗವನ್ನೂ ಬಿಚ್ಚುವ ಮೊದಲೇ ಮೂರು ಫೇಸ್ ತಂತಿಗಳ ಕರೆಂಟ್ ದೋಷದ ಜಾಗವನ್ನು ಇಷ್ಟು ಸ್ಪಷ್ಟವಾಗಿ ಹೇಳಬಲ್ಲದು ಎಂಬುದು ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಸಂಗತಿ.

ಇಂತಹ ಅರೆಬರೆ ದೋಷಗಳು ಖಾಲಿ ಓವನ್ನಿನಲ್ಲಿ ಬಯಲಾಗುವುದಿಲ್ಲ. ನಿಧಾನವಾಗಿಯಾದರೂ ನಿಗದಿಪಡಿಸಿದ ತಾಪಮಾನ ಬಂದೇ ಬರುತ್ತದೆ. ಬೆಲ್ಟ್ ತುಂಬ ತಣ್ಣನೆಯ ಆಹಾರ ಒಳಗೆ ಹೋಗತೊಡಗಿದಾಗ ಮಾತ್ರ ತಾಪಮಾನ ಕುಸಿದು ಮೇಲೇಳುವುದಿಲ್ಲ. ಸರಬರಾಜಿನ ವೋಲ್ಟೇಜ್ ಕಡಿಮೆಯಿದ್ದರೂ ಇದೇ ಅನುಭವ. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಶಾಖ ಶೇ. 19ರಷ್ಟು ಇಳಿಯುತ್ತದೆ. 240 ವೋಲ್ಟಿನ ಹೀಟರನ್ನು 208 ವೋಲ್ಟಿನ ಸರಬರಾಜಿಗೆ ಜೋಡಿಸಿದರೆ 3,000 ವಾಟ್‌ನಲ್ಲಿ ಸುಮಾರು 2,250 ವಾಟ್ ಮಾತ್ರ ದಕ್ಕುತ್ತದೆ. ಹೊಸದಾಗಿ ಅಳವಡಿಸಿದ ಓವನ್ ಮೊದಲ ದಿನದಿಂದಲೇ ನಿಧಾನವಾಗಿದ್ದರೆ ನಾಮಫಲಕದ ವೋಲ್ಟೇಜ್ ಮತ್ತು ಗೋಡೆಯಿಂದ ಬರುತ್ತಿರುವ ವೋಲ್ಟೇಜ್ ಒಂದೇ ಆಗಿವೆಯೇ ಎಂಬುದನ್ನು, ಅದೂ ಪೂರ್ಣ ಹೊರೆಯಿರುವಾಗ, ನೋಡಬೇಕು.

ಸಾಲಿಡ್ ಸ್ಟೇಟ್ ರಿಲೇಯ ಸ್ವಭಾವವನ್ನು ಅರಿಯದೆ ಅನೇಕರು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಆರಿರುವಾಗಲೂ ಅದರ ಮೂಲಕ ಕೆಲವು ಮಿಲಿಆಂಪಿಯರ್‌ಗಳಷ್ಟು ಕರೆಂಟ್ ಸೋರುತ್ತದೆ. ಹೀಟರನ್ನು ಬಿಚ್ಚಿಟ್ಟು ರಿಲೇಯ ಹೊರತುದಿಯಲ್ಲಿ ಅಳೆದರೆ ಆ ಸೋರಿಕೆಯೇ ಮೀಟರಿನಲ್ಲಿ ಪೂರ್ಣ ವೋಲ್ಟೇಜಿನಂತೆ ತೋರಿ, ರಿಲೇ ಕೆಟ್ಟಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಹೀಟರ್ ಜೋಡಿಸಿಯೇ ಇದನ್ನು ಪರೀಕ್ಷಿಸಬೇಕು. ನಿಯಂತ್ರಕದಿಂದ ಡಿಸಿ ಸೂಚನೆ ಬರುತ್ತಿದ್ದು, ರಿಲೇಯ ಹೊರತುದಿಗಳ ನಡುವೆ ಒಂದೂವರೆ ವೋಲ್ಟಿನ ಆಸುಪಾಸು ಇದ್ದರೆ ಅದು ಸರಿಯಾಗಿ ಹಚ್ಚಿಕೊಂಡಿದೆ. ಸೂಚನೆ ಇದ್ದೂ ಪೂರ್ಣ ವೋಲ್ಟೇಜ್ ಇದ್ದರೆ ಒಳಗೆ ಕಡಿದಿದೆ. ಸೂಚನೆಯೇ ಇಲ್ಲದಿರುವಾಗ ಕ್ಲ್ಯಾಂಪ್ ಮೀಟರ್ ಹೀಟರಿನ ಕರೆಂಟ್ ತೋರಿಸುತ್ತಿದ್ದರೆ ರಿಲೇ ಶಾರ್ಟ್ ಆಗಿದೆ, ಮತ್ತು ಈ ರಿಲೇಗಳು ಕೆಟ್ಟಾಗ ಹೆಚ್ಚಾಗಿ ಆಗುವುದು ಇದೇ. 20 ಆಂಪಿಯರ್ ಹರಿಯುವ ರಿಲೇಯಲ್ಲಿ ಸುಮಾರು 25ರಿಂದ 30 ವಾಟ್ ಶಾಖವಾಗಿ ಹೋಗುವುದರಿಂದ, ಹೊಸದನ್ನು ಹಾಕುವಾಗ ಹೀಟ್‌ಸಿಂಕ್ ಶುಚಿಗೊಳಿಸಿ, ಥರ್ಮಲ್ ಪೇಸ್ಟ್ ಹಚ್ಚಿ ಬಿಗಿಯಾಗಿ ಕೂರಿಸದಿದ್ದರೆ ಅದೂ ಬೇಗನೆ ಹೋಗುತ್ತದೆ.

ಶಾರ್ಟ್ ಆದ ರಿಲೇ ಓವನ್ನನ್ನು ಮಿತಿಮೀರಿ ಕಾಯಿಸಿದಾಗ ಗರಿಷ್ಠ ತಾಪಮಾನದ ಸ್ವಿಚ್ ಟ್ರಿಪ್ ಆಗಿ ಕಾಂಟ್ಯಾಕ್ಟರನ್ನು ತೆರೆಯುತ್ತದೆ. ಸಾಮಾನ್ಯವಾಗಿ ಇದನ್ನು ಕೈಯಿಂದಲೇ ರೀಸೆಟ್ ಮಾಡಬೇಕಾಗಿರುವುದು ಉದ್ದೇಶಪೂರ್ವಕವಾಗಿ; ಯಾರಾದರೂ ಬಂದು ಕಾರಣ ಹುಡುಕಲಿ ಎಂದು. ಪ್ರತಿದಿನ ಗುಂಡಿ ಒತ್ತಿ ಕೆಲಸ ಮುಂದುವರಿಸುವುದು, ಇನ್ನೂ ಕೆಟ್ಟದಾಗಿ ಅದರ ಎರಡು ತಂತಿಗಳನ್ನು ಸೇರಿಸಿ ಬೈಪಾಸ್ ಮಾಡುವುದು, ಬೆಂಕಿಗೆ ಬಾಗಿಲು ತೆರೆದಿಟ್ಟಂತೆ. ಇಂತಹ ಬೈಪಾಸ್ ಕಂಡರೆ ಅದನ್ನು ಸರಿಪಡಿಸುವವರೆಗೆ ಓವನ್ ಚಾಲೂ ಮಾಡಲು ಒಪ್ಪಬಾರದು.

ತಾಪಮಾನಕ್ಕೆ ತಕ್ಕ ಸಣ್ಣ ವೋಲ್ಟೇಜ್ ಕೊಡುವ ಸೆನ್ಸರ್ ಆದ ಥರ್ಮೋಕಪಲ್ ವಿಷಯದಲ್ಲಿ ಮೂರು ಬಗೆಯ ದೋಷಗಳು ಮೂರು ಬಗೆಯಾಗಿ ಕಾಣಿಸಿಕೊಳ್ಳುತ್ತವೆ. ತಂತಿ ಕಡಿದರೆ ನಿಯಂತ್ರಕ ಸಾಮಾನ್ಯವಾಗಿ ಅತ್ಯಧಿಕ ತಾಪಮಾನ ಅಥವಾ ದೋಷ ಸಂಕೇತ ತೋರಿಸಿ ಶಾಖವನ್ನು ನಿಲ್ಲಿಸುತ್ತದೆ. ತಂತಿಗಳು ದಾರಿಯಲ್ಲಿ ಒಂದಕ್ಕೊಂದು ತಾಗಿದರೆ ಓವನ್ನಿನ ಬದಲು ಆ ತಾಗಿದ ಜಾಗದ ತಾಪಮಾನವನ್ನು ತೋರಿಸುತ್ತದೆ. ನಿಯಂತ್ರಕ ಇನ್ನೂ ಶಾಖ ಬೇಕೆಂದು ಕೇಳುತ್ತಲೇ ಇರುತ್ತದೆ, ಆದ್ದರಿಂದ ಇದು ಹೆಚ್ಚು ಅಪಾಯಕಾರಿ. ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದರೆ ಓವನ್ ಕಾದಂತೆ ಅಂಕಿ ಇಳಿಯುತ್ತದೆ. ಅಮೆರಿಕದ ಬಣ್ಣ ಪದ್ಧತಿಯಲ್ಲಿ ಕೆಂಪು ತಂತಿ ಋಣ ತುದಿ ಎಂಬುದು ಈ ಗೊಂದಲಕ್ಕೆ ಒಂದು ಮುಖ್ಯ ಕಾರಣ. ಆ ಪದ್ಧತಿಯಲ್ಲಿ ಕೆ ಎಂಬ ಮಾದರಿಯ ಥರ್ಮೋಕಪಲ್ಲಿನ ಧನ ತುದಿ ಹಳದಿ, ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಧನ ತುದಿ ಹಸಿರು, ಋಣ ತುದಿ ಬಿಳಿ. ನಿಯಂತ್ರಕವೇ ಕೆಟ್ಟಿದೆಯೇ ಎಂದು ತಿಳಿಯಲು ಥರ್ಮೋಕಪಲ್ ಬಿಚ್ಚಿ ಅದರ ಎರಡು ಟರ್ಮಿನಲ್‌ಗಳನ್ನು ತುಂಡು ತಂತಿಯಿಂದ ಸೇರಿಸಿದರೆ ಸಾಕು. ಸರಿಯಿರುವ ನಿಯಂತ್ರಕ ಟರ್ಮಿನಲ್ ಬಳಿಯ ತಾಪಮಾನವನ್ನು ತೋರಿಸುತ್ತದೆ. ಈ ಪರೀಕ್ಷೆಯ ವೇಳೆ ಹೀಟ್ ಸ್ವಿಚ್ ಆರಿಸಿರಬೇಕು. ಇನ್ನು ಥರ್ಮೋಕಪಲ್ಲನ್ನೇ ಅಳೆಯುವುದಾದರೆ, ಓವನ್ 250 ಡಿಗ್ರಿ ಸೆಲ್ಸಿಯಸ್, ಟರ್ಮಿನಲ್ ಬಳಿ 25 ಡಿಗ್ರಿ ಇದ್ದಾಗ ಕೆ ಮಾದರಿಯದು ಸುಮಾರು 9.15 ಮಿಲಿವೋಲ್ಟ್ ಕೊಡಬೇಕು. ಉದ್ದ ಸಾಲದೆಂದು ಮಧ್ಯದಲ್ಲಿ ಸಾಮಾನ್ಯ ತಾಮ್ರದ ತಂತಿ ಸೇರಿಸಿದ್ದರೆ, ಆ ಜೋಡಣೆಯ ಜಾಗ ಬಿಸಿಯಾದಷ್ಟೂ ಓದು ತಪ್ಪುತ್ತದೆ.

ಬಹಳ ದಿನ ನಿಂತಿದ್ದ ಓವನ್ನನ್ನು ಚಾಲೂ ಮಾಡಿದಾಗ, ವಿದ್ಯುತ್ ನೆಲಕ್ಕೆ ಸೋರಿದರೆ ಸರಬರಾಜು ಕಡಿಯುವ ಅರ್ಥ್ ಲೀಕೇಜ್ ಬ್ರೇಕರ್ ಟ್ರಿಪ್ ಆಗುವುದು ಬೇರೆಯೇ ಕಥೆ. ಹೀಟರ್ ಕೊಳವೆಯೊಳಗೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರಿಕೊಂಡು ವಿದ್ಯುತ್ ಸೋರಲು ಬಿಡುತ್ತದೆ. ಹೀಟರಿನ ತಂತಿಗಳನ್ನು ಉಳಿದ ಸರ್ಕ್ಯೂಟಿನಿಂದ ಬಿಡಿಸಿ 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರಿನಲ್ಲಿ) ಅಳೆದರೆ ಇದು ಗೊತ್ತಾಗುತ್ತದೆ. ಬಿಡಿಸದೆ ಮೆಗ್ಗರ್ ಹಾಕಿದರೆ ಎಲೆಕ್ಟ್ರಾನಿಕ್ ಬೋರ್ಡುಗಳು ಸುಟ್ಟುಹೋಗಬಹುದು. ಹೀಟರನ್ನು ಬಿಚ್ಚಿ ಹದವಾದ ಶಾಖದಲ್ಲಿ ಒಣಗಿಸಿದ ಮೇಲೆ ಇನ್ಸುಲೇಷನ್ ಮತ್ತೆ ಏರಿದರೆ ಅದು ತೇವ. ಏರದಿದ್ದರೆ ಹೀಟರ್ ಬದಲಾಯಿಸಬೇಕು.

ಬೆಲ್ಟ್ ನಿಂತರೆ ಮೊದಲು ಚೈನ್ ಕಳಚಿ ಮೋಟಾರನ್ನು ಒಂಟಿಯಾಗಿ ಓಡಿಸಿ ನೋಡಬೇಕು. ಓಡಿದರೆ ತೊಂದರೆ ಬೆಲ್ಟಿನ ಬಿಗಿತದಲ್ಲೋ ಬೇರಿಂಗಿನಲ್ಲೋ ಇದೆ; ಓಡದಿದ್ದರೆ ಡಿಸಿ ಗೇರ್ ಮೋಟಾರಿನ ಬ್ರಷ್ ಸವೆದಿರಬಹುದು. ವೇಗ ಅಳೆಯುವ ಹಾಲ್ ಸೆನ್ಸರಿನ ಆಯಸ್ಕಾಂತ ಸಡಿಲವಾಗಿ ಸೂಚನೆ ನಿಂತರೆ, ಕೆಲವು ವಿನ್ಯಾಸಗಳಲ್ಲಿ ಬೋರ್ಡ್ ಮೋಟಾರ್ ನಿಂತಿದೆಯೆಂದು ತಿಳಿದು ಪೂರ್ಣ ವೋಲ್ಟೇಜ್ ಕೊಡುತ್ತದೆ, ಬೆಲ್ಟ್ ಅತಿವೇಗದಲ್ಲಿ ಓಡತೊಡಗುತ್ತದೆ. ಪರದೆಯ ಮೇಲಿನ ಸಮಯವನ್ನು ನಂಬದೆ, ಒಂದು ತಟ್ಟೆಯನ್ನು ಇಟ್ಟು ಅದು ಒಳಹೋಗುವಾಗಿನಿಂದ ಹೊರಬರುವವರೆಗೆ ಗಡಿಯಾರ ಹಿಡಿದು ಅಳೆಯುವುದೇ ಸರಿಯಾದ ಪರೀಕ್ಷೆ.

ಓವನ್ ನಡೆಸುವವರಿಗೆ ಹೇಳಬೇಕಾದ ಮುಖ್ಯ ವಿಷಯವೆಂದರೆ ಆರಿಸುವ ಕ್ರಮ. ಕೆಲಸ ಮುಗಿದೊಡನೆ ಮುಖ್ಯ ಐಸೊಲೇಟರನ್ನೇ ಆರಿಸಿದರೆ ತಂಪುಗೊಳಿಸುವ ಫ್ಯಾನ್‌ಗಳೂ ನಿಲ್ಲುತ್ತವೆ. ಓವನ್ನಿನೊಳಗಿನ ಶಾಖ ನಿಧಾನವಾಗಿ ನಿಯಂತ್ರಣ ಪೆಟ್ಟಿಗೆಗೆ ಹರಡಿ ಬೋರ್ಡುಗಳನ್ನೂ ಬ್ಲೋವರಿನ ಬೇರಿಂಗುಗಳನ್ನೂ ಕಾಯಿಸುತ್ತದೆ. ಓವನ್ನಿನ ಸ್ವಂತ ಸ್ವಿಚ್‌ಗಳಿಂದ ಹೀಟ್ ಆರಿಸಿ, ಒಳಗಿನ ಥರ್ಮೋಸ್ಟಾಟ್ ತಾನಾಗಿ ಫ್ಯಾನ್‌ಗಳನ್ನು ನಿಲ್ಲಿಸುವವರೆಗೆ ವಿದ್ಯುತ್ ಇರಲು ಬಿಡಬೇಕು. ಹಿಟ್ಟಿನ ಧೂಳು ಮತ್ತು ಜಿಡ್ಡು ಕಟ್ಟಿದ ಫ್ಯಾನ್ ಜಾಲರಿಯನ್ನು ಶುಚಿಯಾಗಿಡುವುದು ಇದಕ್ಕೆ ಸೇರಿದ ಕೆಲಸ.

ಕೊನೆಯದಾಗಿ ಉಳಿಯುವುದು ಸಡಿಲ ಜೋಡಣೆಗಳು. ಪ್ರತಿದಿನ ಕಾಯುತ್ತಾ ಆರುತ್ತಾ ಇರುವ ಯಂತ್ರದಲ್ಲಿ ತಂತಿಯ ತುದಿಯ ಲಗ್‌ಗಳು ಸಡಿಲಗೊಂಡು ಕಪ್ಪಾಗುತ್ತವೆ, ಕಾಂಟ್ಯಾಕ್ಟರಿನ ಒಂದು ಪೋಲ್ (ಒಂದು ಫೇಸಿನ ಸಂಪರ್ಕ) ಸುಡುತ್ತದೆ. ಓವನ್ ತಣ್ಣಗಿರುವಾಗ ಎಲ್ಲವೂ ಸರಿ ಕಂಡು, ಬಿಸಿಯಾದ ಮೇಲಷ್ಟೇ ಕೈಕೊಡುವ ದೋಷಗಳಲ್ಲಿ ಇವೇ ಹೆಚ್ಚು. ಹೊರೆ ಇರುವಾಗ ಕಾಂಟ್ಯಾಕ್ಟರಿನ ಮೂರೂ ಪೋಲ್‌ಗಳ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆದು ಹೋಲಿಸಿದರೆ, ಉಳಿದೆರಡಕ್ಕಿಂತ ಹೆಚ್ಚು ತೋರಿಸುವ ಪೋಲ್ ಹೋಗುವ ಹಾದಿಯಲ್ಲಿದೆ. ಓವನ್ ಸರಿಯಾಗಿ ನಡೆಯುತ್ತಿರುವ ದಿನವೇ ಈ ಅಳತೆಗಳನ್ನೂ, ಮೂರು ಫೇಸ್‌ಗಳ ಕರೆಂಟನ್ನೂ, ಹೀಟರ್‌ಗಳ ರೆಸಿಸ್ಟೆನ್ಸನ್ನೂ, ತಣ್ಣಗಿನಿಂದ ನಿಗದಿತ ತಾಪಮಾನಕ್ಕೆ ಬರಲು ಹಿಡಿದ ಸಮಯವನ್ನೂ ದಿನಾಂಕದೊಂದಿಗೆ ಬರೆದು ವೈರಿಂಗ್ ನಕ್ಷೆಯ ಪಕ್ಕದಲ್ಲಿ ಅಂಟಿಸಿಡಬೇಕು. ಮುಂದೆ ದೂರು ಬಂದಾಗ ಪ್ಯಾನೆಲ್ ತೆರೆಯುವವರಿಗೆ ಹೋಲಿಸಿ ನೋಡಲು ಬೇಕಾದ ಅಂಕಿಗಳು ಅವೇ.